ಬಾಣಂತಿ ಕೋಣೆಯ ಕೆಳಗೆ ಸ್ನೋಮೊಬೈಲ್

ಹಿಮದ ಮೇಲೆ ಓಡುವ ಹೊಸ ಸ್ನೋಮೊಬೈಲ್ ಗಾಡಿ ಕೊಂಡ ಎರಡೇ ವಾರಕ್ಕೆ ಅದರ ಐಡ್ಲಿಂಗ್ ಕೆಟ್ಟಿತು. ಸ್ಟಾರ್ಟ್ ಏನೋ ಆಗುತ್ತಿತ್ತು. ಆಕ್ಸಿಲರೇಟರ್ ಬಿಟ್ಟು ಸುಮ್ಮನೆ ನಿಲ್ಲಿಸಿದರೆ ಸದ್ದು ಏರುತ್ತಿತ್ತು, ಇಳಿಯುತ್ತಿತ್ತು, ಕೊನೆಗೆ ಕೆಮ್ಮಿ ನಿಲ್ಲುತ್ತಿತ್ತು. ಡೀಲರ್ ಮುಂದಿನ ತಿಂಗಳು ತನ್ನಿ ಅಂದಿದ್ದ. ನನಗೋ ಶನಿವಾರವೇ ಗೆಳೆಯರ ಜೊತೆ ನ್ಯೂಯಾರ್ಕಿನ ಉತ್ತರದ ಗುಡ್ಡಗಳಿಗೆ ಹೋಗಬೇಕಿತ್ತು. ಮನೆಯಲ್ಲಿ ಮೂರು ವಾರದ ಮಗು ಇರುವವನಿಗೆ ಇದೆಲ್ಲ ಬೇಕಿತ್ತೇ ಎಂದು ನೀವು ಕೇಳಬಹುದು. ನನ್ನ ಅತ್ತೆಯೂ ಅದನ್ನೇ ಕೇಳಿದ್ದರು. ಆಫೀಸಿನಲ್ಲಿ ಬೇರೆಯವರ ಸಾಫ್ಟ್‌ವೇರಿನ ತಪ್ಪು ಹುಡುಕಿ ಸಂಬಳ ಎಣಿಸುವವನಿಗೆ ಒಂದು ಎಂಜಿನ್ ಯಾವ ಲೆಕ್ಕ ಎಂಬ ಜಂಬ ನನಗೆ.

ನ್ಯೂಯಾರ್ಕಿಗೆ ಹತ್ತಿರದ ಪಾರ್ಸಿಪನಿ ಊರಿನ ನಮ್ಮ ಬಾಡಿಗೆ ಮನೆಯಲ್ಲಿ ಗ್ಯಾರೇಜಿನ ಮೇಲೆಯೇ ಮಲಗುವ ಕೋಣೆ. ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದ ಅತ್ತೆ ದಿನಾ ಮಗಳಿಗೂ ಮಗುವಿಗೂ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಅಲ್ಲೇ ಮಲಗಿಸುತ್ತಿದ್ದರು. ಮೊದಲ ದಿನವೇ ಆ ಹೊಗೆಗೆ ಅಲಾರಂ ಕಿರುಚಿ ಮಗು ಬೆಚ್ಚಿಬಿದ್ದಿತ್ತು. ಬೆಂಕಿಯ ಹೊಗೆಗೂ ವಾಸನೆಯಿಲ್ಲದ ವಿಷಗಾಳಿಗೂ ಸೇರಿ ಒಂದೇ ಅಲಾರಂ ಅದು. ನಾನೇ ಸ್ಟೂಲು ಹತ್ತಿ ಅದರ ಬ್ಯಾಟರಿ ಕಿತ್ತು ಡ್ರಾಯರಿನಲ್ಲಿಟ್ಟಿದ್ದೆ.

ಆ ಗುರುವಾರ ಮಧ್ಯಾಹ್ನ ಹೊರಗೆ ಹಿಮ ಗಾಳಿಗೆ ಅಡ್ಡಡ್ಡ ಬೀಳುತ್ತಿತ್ತು. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿ ಎಂಜಿನ್ ಶುರು ಮಾಡಿದೆ. ಐದು ನಿಮಿಷಕ್ಕೆಲ್ಲ ಅತ್ತೆ ಒಳಬಾಗಿಲಿಗೆ ಬಂದರು.

“ಮೇಲೆ ನೆಲ ಎಲ್ಲಾ ಕೊರೀತಿದೆ, ಆ ಬಾಗಿಲು ಹಾಕ್ಕೊಳಿ. ಬಾಣಂತಿಗೆ ಥಂಡಿ ಆಗಬಾರದು.”

“ಇನ್ನೇನು ಮುಗೀತು ಅತ್ತೆ,” ಎಂದೆ. ಒಂದು ಗೇಣು ಸಂದಿ ಬಿಟ್ಟು ಬಾಗಿಲು ಇಳಿಸಿದೆ. ಆ ಸಂದಿಯಿಂದಲೂ ಹಿಮ ನುಗ್ಗಿತು. ಹಳೆಯ ಕಂಬಳಿ ತುರುಕಿದೆ. ಎಂಜಿನ್ ಓಡುತ್ತಲೇ ಇತ್ತು.

ಆಮೇಲೆ ಕೆಲಸದಲ್ಲಿ ಮುಳುಗಿದೆ. ಸ್ಪಾರ್ಕ್ ಪ್ಲಗ್ ತೆಗೆದು ಒರೆಸಿ ಹಾಕಿದೆ. ಆಕ್ಸಿಲರೇಟರ್ ಕೇಬಲ್ ಸಡಿಲಿಸಿದೆ, ಮತ್ತೆ ಬಿಗಿಮಾಡಿದೆ. ಪ್ರತಿ ಸಲವೂ ಸ್ಟಾರ್ಟ್ ಮಾಡಿ ಪಕ್ಕದಲ್ಲೇ ಕಿವಿಗೊಟ್ಟು ಕೂತೆ. ಸುಧಾರಿಸುವುದಿರಲಿ, ಸದ್ದು ಇನ್ನೂ ಹದಗೆಡುತ್ತಾ ಬಂತು. ತಲೆ ಸಿಡಿಯತೊಡಗಿತು, ಸಿಟ್ಟಿಗೆ ಅಂದುಕೊಂಡೆ. ಎಂಜಿನ್ ಮೂರನೆಯ ಸಲ ತಾನಾಗಿ ನಿಂತಾಗ, ಉಳಿದದ್ದು ಇದೊಂದೇ ಎಂದು ಗಾಳಿ ಎಳೆದುಕೊಳ್ಳುವ ಪೆಟ್ಟಿಗೆ ಬಿಚ್ಚಿದೆ. ಒಂದು ಕಣ ಧೂಳಿಲ್ಲ. ಮತ್ತೆ ಇದಕ್ಕೆ ಗಾಳಿ ಏಕೆ ಸಾಲುತ್ತಿಲ್ಲ ಎಂದು ಯೋಚಿಸುತ್ತಿದ್ದ ಹಾಗೇ ಉತ್ತರ ಹೊಳೆಯಿತು. ಗ್ಯಾರೇಜಿನಲ್ಲೇ ಗಾಳಿ ಇಲ್ಲ. ಎಂಜಿನ್ ಇಷ್ಟು ಹೊತ್ತೂ ತನ್ನ ಹೊಗೆಯನ್ನೇ ತಾನು ಕುಡಿಯುತ್ತಿತ್ತು, ನಾನೂ ಕುಡಿಯುತ್ತಿದ್ದೇನೆ, ಮೇಲೆ ಮಲಗಿರುವ ಅವರಿಬ್ಬರೂ ಕುಡಿಯುತ್ತಿದ್ದಾರೆ.

ಎದ್ದರೆ ಕಾಲು ನಿಲ್ಲಲಿಲ್ಲ. ಕೈಯೂರಿಕೊಂಡು ಮೆಟ್ಟಿಲು ಹತ್ತಿದೆ. ಹೆಂಡತಿಯನ್ನು ಕರೆದೆ, ಅಲುಗಾಡಿಸಿದೆ, ಏಳಲಿಲ್ಲ. ಪಕ್ಕದಲ್ಲಿದ್ದ ಮಗುವೂ ಅಲುಗಲಿಲ್ಲ. ಅದನ್ನು ಮುಟ್ಟಲು ನನಗೆ ಹೆದರಿಕೆಯಾಯಿತು, ಮುಟ್ಟಿದರೆ ಗೊತ್ತಾಗಿಬಿಡುತ್ತದಲ್ಲ. ಕಿಟಕಿ ತೆರೆದೆ. ಹಿಮಗಾಳಿ ಬಡಿದದ್ದೇ ಮಗು ಕಿಟಾರನೆ ಕಿರುಚಿತು. ಅಡುಗೆಮನೆಯಿಂದ ಓಡಿಬಂದ ಅತ್ತೆ ಏನೂ ಕೇಳದೆ ಮಗುವನ್ನು ಎತ್ತಿಕೊಂಡು ಹೊರಗೆ ನಡೆದರು. ಹೆಂಡತಿ ಕಣ್ಣುಬಿಟ್ಟು, “ತಲೆ ಎತ್ತಕ್ಕೇ ಆಗ್ತಿಲ್ಲ ರೀ,” ಎಂದಳು. ಅವಳನ್ನು ಹೆಗಲಿಗೆ ಆನಿಸಿಕೊಂಡು ಹೊರಗೆ ತಂದು 911ಕ್ಕೆ ಫೋನ್ ಮಾಡಿದೆ.

ಆಂಬುಲೆನ್ಸಿನಲ್ಲಿ ಮಗು ಹೆಂಡತಿಯ ತೊಡೆಯ ಮೇಲಿತ್ತು. ಅದರ ಮುಖಕ್ಕೆ ಪುಟ್ಟ ಆಕ್ಸಿಜನ್ ಮಾಸ್ಕ್ ಹಿಡಿದಿದ್ದ ಸಿಬ್ಬಂದಿಯ ಹೆಂಗಸು, ಎಂಜಿನ್ ಎಷ್ಟು ಹೊತ್ತು ಓಡಿತ್ತು ಎಂದು ನನ್ನನ್ನು ಕೇಳಿದಳು.

“ಹತ್ತು ನಿಮಿಷ,” ಎಂದೆ.

ಸರಿಯಾಗಿ ನೆನಪು ಮಾಡಿಕೊಳ್ಳಿ, ಡಾಕ್ಟರು ಮೊದಲು ಕೇಳುವುದೇ ಇದನ್ನು ಎಂದಳು. ಹೆಂಡತಿ ನನ್ನ ಕಡೆ ತಿರುಗಿದಳು.

“ಎಷ್ಟು ಹೊತ್ತು, ರೀ?”

“ಐವತ್ತು ನಿಮಿಷ. ಜಾಸ್ತಿನೂ ಇರಬಹುದು.”

ಅವಳು ಮಗುವನ್ನು ನನ್ನಿಂದ ಸ್ವಲ್ಪ ಆಚೆಗೆ ಸರಿಸಿಕೊಂಡಳು.

ಮೂರು ದಿನಕ್ಕೆ ತಾಯಿ ಮಗು ಇಬ್ಬರೂ ಆರೋಗ್ಯವಾಗಿ ಮನೆಗೆ ಬಂದರು. ಗಾಡಿಯನ್ನು ಮಾರಿದೆ, ಅದರ ಐಡ್ಲಿಂಗಿಗೆ ಏನಾಗಿತ್ತೆಂದು ಕೊನೆಗೂ ತಿಳಿಯಲಿಲ್ಲ. ವಿಷಗಾಳಿಯ ಹೆದರಿಕೆ ಒಂದೆರಡು ವರ್ಷದಲ್ಲಿ ಕರಗಿತು. ಆದರೆ ಆಂಬುಲೆನ್ಸಿನಲ್ಲಿ ಮಗುವಿನ ಉಸಿರು ನನ್ನ ಉತ್ತರದ ಮೇಲೆ ನಿಂತಿದ್ದಾಗಲೂ ನಾನು ಮೊದಲು ಹತ್ತು ನಿಮಿಷ ಅಂದಿದ್ದೆ. ನನ್ನ ಬಗ್ಗೆ ನನಗೆ ಅಂದು ಹುಟ್ಟಿದ ಹೆದರಿಕೆ ಇನ್ನೂ ಹೋಗಿಲ್ಲ.