ಕೂಲಿಕಾರರ ಲಿಂಕ್ ಕಾಯುವ ಶಿವಗಂಗಾ

ಬೆಳಗಿನ ಐದೂವರೆ. ನೆರೆರಾಜ್ಯದ ರಾಜಧಾನಿಯಲ್ಲಿ, ಉಪ್ಪಲ್‌ನ ಮೆಟ್ರೊ ಕಂಬಗಳ ಕೆಳಗೆ ಕೂಲಿಯ ಕರೆಗಾಗಿ ಕಾದು ನಿಂತವರ ನಡುವೆ ಶಿವಗಂಗಾ ಮೊಬೈಲ್ ಹಿಡಿದು ಒಬ್ಬೊಬ್ಬರನ್ನೇ ವಿಚಾರಿಸುತ್ತಿದ್ದಾರೆ. ಹೆಸರು, ಊರು, ಕಸುಬು, ಕೂಲಿಗಾಗಿ ನಿಲ್ಲುವ ಜಾಗ ಅಂದರೆ ಅಡ್ಡಾ: ತುಂಬಬೇಕಾದ ಖಾನೆಗಳು ನಾಲ್ಕು.

"ಏನ್ ಕೆಲಸ ಬರೀಲಿ, ಅಣ್ಣಾ?"

"ಎಲ್ಲಾ ಬರತೈತಿ, ಬರಕೋ ಅಕ್ಕಾ."

"ಎಲ್ಲಾ ಬಂದಿದ್ರ ಮಂತ್ರಿ ಆಗ್ತಿದ್ದಿ, ಇಲ್ಯಾಕ ನಿಂದರತಿದ್ದಿ? ಒಂದು ಹೇಳು."

ಸುತ್ತ ನಿಂತವರು ನಗುತ್ತಾರೆ. ಆತ ಮೆಲ್ಲಗೆ "ಸೆಂಟ್ರಿಂಗ್" ಎನ್ನುತ್ತಾನೆ; ಕಾಂಕ್ರೀಟಿಗೆ ಹಲಗೆ ಕಟ್ಟುವ ಕಸುಬು.

ಖಾನೆಗಳು ತುಂಬಿದೊಡನೆ, ಕೂಲಿಕಾರರಿಗೆ ಕೆಲಸ ಹುಡುಕಿಕೊಡುವ ಸಂಸ್ಥೆಯೊಂದರ ಜಾಲತಾಣದಲ್ಲಿ ಆತನ ಪುಟ ತೆರೆದುಕೊಳ್ಳುತ್ತದೆ. ಅದರ ಶೀರ್ಷಿಕೆಯನ್ನಾಗಲಿ ಲಿಂಕನ್ನಾಗಲಿ ಯಾರೂ ಬರೆಯಬೇಕಿಲ್ಲ. ಖಾನೆಗಳಿಂದ ಪದಗಳನ್ನು ಆಯ್ದು ತಂತ್ರಾಂಶವೇ ಹೆಣೆಯುತ್ತದೆ. 'ಎಲ್ಲವೂ ತಾನಾಗಿಯೇ' ಎಂಬುದು ಸಂಸ್ಥೆಯ ಹೆಮ್ಮೆಯ ಘೋಷಣೆ. ದಿನಕ್ಕೆ ನಲವತ್ತು ಜನರೆದುರು ನಿಂತು ಆ ಪದಗಳನ್ನು ಕೇಳಿ ತರುವವರನ್ನು ಈ ಘೋಷಣೆ ಒಂದೇ ಏಟಿಗೆ ಅಳಿಸಿಹಾಕುತ್ತದೆ. ಇದು ಬರಿಯ ಸುಳ್ಳಲ್ಲ, ಅನ್ಯಾಯ.

ಲಿಂಗಸುಗೂರಿನ ಶಿವಗಂಗಾ ಅವರಿಗೆ ಈಗ ಮೂವತ್ತೆಂಟು. ಹತ್ತು ವರ್ಷ ಇದೇ ಅಡ್ಡಾದಲ್ಲಿ ನಿಂತು ಇಟ್ಟಿಗೆ ಹೊತ್ತವರು. ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟ ಜಖಂ ಆದ ಮೇಲೆ, ಓದಿದ್ದ ಪಿಯುಸಿ ಸಂಸ್ಥೆಯ ಈ ಗುತ್ತಿಗೆ ಕೆಲಸಕ್ಕೆ ಒದಗಿತು.

ಕಳೆದ ಬೇಸಿಗೆಯಲ್ಲಿ ಟೈಲ್ಸ್ ಕೂರಿಸುವ ಸಂಗಣ್ಣ ಉಪ್ಪಲ್ ಬಿಟ್ಟು ನಗರದ ಇನ್ನೊಂದು ಮೂಲೆಯ ಜೀಡಿಮೆಟ್ಲಾ ಅಡ್ಡಾಕ್ಕೆ ಹೋದರು. ಶಿವಗಂಗಾ ಅಡ್ಡಾದ ಖಾನೆಯನ್ನು ತಿದ್ದಿದರು. ಶೀರ್ಷಿಕೆ ಸರಿಹೋಯಿತು; ಅದರೊಂದಿಗೆ ಲಿಂಕೂ ಬದಲಾಯಿತು. ಕೆಲಸಕ್ಕೆ ಕರೆಯುವ ಮೇಸ್ತ್ರಿಗಳು ಫೋನಿನಲ್ಲಿ ಇಟ್ಟುಕೊಂಡಿದ್ದ ಹಳೆಯ ಲಿಂಕ್ ಒತ್ತಿದರೆ 'ಪುಟ ಸಿಗುತ್ತಿಲ್ಲ' ಎಂಬ ಉತ್ತರ. ಹನ್ನೊಂದು ದಿನ ಸಂಗಣ್ಣನಿಗೆ ಒಂದು ಕರೆಯೂ ಬರಲಿಲ್ಲ. ಆತನ ಹೆಂಡತಿ ಬಂಡೆಮ್ಮ ಅಡ್ಡಾಕ್ಕೇ ಬಂದು ಎದುರು ನಿಂತರು: "ನನ್ನ ಗಂಡ ಮನ್ಯಾಗ ಕುಂತಾನ, ನಿನ್ನ ಫೋನಿನ್ಯಾಗ ಇಲ್ಲಂತ. ಎಲ್ಲಿ ಕಳದೀಯವ್ವಾ?"

ಮರುದಿನವೇ ಶಿವಗಂಗಾ ಸಂಸ್ಥೆಯ ಮಾದಾಪುರದ ಕಚೇರಿಯಲ್ಲಿದ್ದರು. ತಂತ್ರಾಂಶ ಬರೆದ ಮೈಸೂರಿನ ಪ್ರಜ್ವಲ ಹೇಳಿದರು: "ಖಾನೆ ಬದಲಾದ್ರೆ ಲಿಂಕೂ ಬದಲಾಗುತ್ತೆ ಅಕ್ಕ, ಮಾಡಿರೋದೇ ಹಾಗೆ. ಹೊಸದು ಕಳಿಸಿಬಿಡಿ."

"ಯಾರ‍್ಯಾರಿಗಿ ಕಳಸ್ಲಿ ಸರ್? ನೀವು ಮನಿ ಬದಲಿ ಮಾಡಿದ್ರ ಫೋನ್ ನಂಬರೂ ಬದಲಿ ಆಗತೈತೇನ್ರಿ?"

ಪ್ರಜ್ವಲ ಅಂದೇ ತಂತ್ರಾಂಶದ ಕಟ್ಟಳೆ ತಿದ್ದಿದರು. ಖಾನೆ ತಿದ್ದಿದಂತೆ ಶೀರ್ಷಿಕೆ ಬದಲಾಗುತ್ತದೆ. ಮೊದಲ ದಿನ ಹುಟ್ಟಿದ ಲಿಂಕ್ ಮಾತ್ರ ಇನ್ನು ಅಲುಗುವುದಿಲ್ಲ. "ತಪ್ಪು ಹಿಡಿದದ್ದು ಶಿವಗಂಗಕ್ಕ" ಎಂದು ಅವರು ಇಂದಿಗೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಜಾಲತಾಣದ 'ನಮ್ಮ ತಂಡ' ಪುಟದಲ್ಲಿ ಮಾತ್ರ ಶಿವಗಂಗಾ ಇಲ್ಲ. ಗುತ್ತಿಗೆಯವರ ಹೆಸರು ಹಾಕುವ ಪದ್ಧತಿಯಿಲ್ಲವಂತೆ. ಯಾರ ದುಡಿಮೆಯ ಮೇಲೆ ತಂಡ ನಿಂತಿದೆಯೋ ಅವರೇ ತಂಡದವರಲ್ಲ ಎನ್ನುವ ಪದ್ಧತಿಗೆ ನಾಚಿಕೆಯಾಗಬೇಕು.

ಅಷ್ಟರಲ್ಲಾಗಲೇ ಮುನ್ನೂರ ಹನ್ನೆರಡು ಲಿಂಕುಗಳು ಕಡಿದುಹೋಗಿದ್ದವು. ಅವು ಉಳಿದಿರುವುದು ಕೂಲಿಕಾರರ ಫೋನಿನ ಹಳೆಯ ಸಂದೇಶಗಳಲ್ಲಿ ಮಾತ್ರ. ಮಧ್ಯಾಹ್ನದ ಮೇಲೆ ಶಿವಗಂಗಾ ಒಬ್ಬೊಬ್ಬರಿಗೇ ಕರೆ ಮಾಡಿ, ಆ ಸಂದೇಶ ಹುಡುಕಿಸಿ ತರಿಸಿಕೊಂಡು, ಹಳೆಯ ಲಿಂಕನ್ನು ಈಗಿನ ಪುಟಕ್ಕೆ ಜೋಡಿಸುತ್ತಾರೆ. ಮೊದಲು ಜೋಡಿಸಿದ್ದು ಸಂಗಣ್ಣನದು; ಆತನಿಗೆ ಮತ್ತೆ ಕರೆ ಬರುತ್ತಿದೆ. ಇನ್ನೂ ಎಪ್ಪತ್ತೊಂದು ಬಾಕಿ. ಇನ್ನು ಒಂಬತ್ತು ದಿನಕ್ಕೆ ಸಂಸ್ಥೆ ಹೊಸ ಜಾಲತಾಣಕ್ಕೆ ಬದಲಾಗಲಿದೆ. ಅಷ್ಟರೊಳಗೆ ಜೋಡಣೆಯಾಗದ ಲಿಂಕುಗಳನ್ನು ಕೈಬಿಡಲಾಗುತ್ತದೆ.

'ನಮ್ಮ ತಂಡ' ಪುಟದಲ್ಲಿ ಹೆಸರು, ಫೋಟೋ ಬೇಡವೇ ಎಂದರೆ ಅವರಿಗೆ ನಗು.

"ನನ್ನ ಫೋಟೋ ನೋಡಿ ಯಾರಿಗಿ ಕೆಲಸ ಸಿಗತೈತ್ರಿ? ದಿನಕ್ಕ ಆರು ಆಗತಾವ, ಒಂಬತ್ತು ದಿನಕ್ಕ ಮುಗಿಯಂಗಿಲ್ಲ. ಪೇಪರಿನ್ಯಾಗ ಬರೆಯೋದಾದ್ರ ಇಷ್ಟ ಬರೀರಿ: ಬದಲಿ ಮಾಡೋದು ಮೂರು ದಿನ ಮುಂದ ಹಾಕ್ರಿ ಅಂತ."