ಪರಸಿ ಹಾಸಿದ ಮೋಟಾರು

ಹೋದ ವಾರ ನನ್ನ ಮೊಮ್ಮಗ ಪಡಸಾಲೆಯಲ್ಲಿ ಬೈಕು ಬಿಚ್ಚಿಕೊಂಡು ಕೂತಿದ್ದ. ಪೆಟ್ರೋಲಿನಲ್ಲಿ ಅದ್ದಿದ ಅರಿವೆಯೊಂದು ಅವನ ಕೈಯಿಂದ ಹಾರಿ ನನ್ನ ಮಂಚದ ಮೇಲೆ ಬಿತ್ತು. ಸೇಡಂನ ಬೇರೆ ಯಾವ ಮುದುಕಿಯಾದರೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಅವನ ಜನ್ಮ ಜಾಲಾಡಿಸುತ್ತಿದ್ದಳು. ನಾನು ಅದನ್ನೆತ್ತಿ ಮೂಸಿದೆ.

‘ಆಯಿ, ಅದೇನು ಮಲ್ಲಿಗಿ ಹೂವೇನ?’ ಎಂದ.

ಮಲ್ಲಿಗೆಯಲ್ಲ. ನನ್ನ ಮಟ್ಟಿಗೆ ಅದು ನನ್ನ ಅಣ್ಣನ ವಾಸನೆ. ಯಾರ ಯಾರ ಅಣ್ಣಂದಿರೋ ಹೊಲದ, ಬೆಲ್ಲದ, ತಂಬಾಕಿನ ವಾಸನೆ ಬೀರುತ್ತಿದ್ದರು. ನಮ್ಮ ಶರಣಣ್ಣ ಮಾತ್ರ ಹಬ್ಬದ ದಿನ ಎಣ್ಣೆನೀರು ಎರೆದುಕೊಂಡ ಮೇಲೂ ಪೆಟ್ರೋಲು ನಾರುತ್ತಿದ್ದ.

ನನ್ನ ತವರು ಶಹಾಬಾದು. ಅಣ್ಣನಿಗೆ ಎತ್ತು ಎಂದರೆ ಆಗದು, ಮೋಟಾರು ಎಂದರೆ ಊಟ ಬೇಡ. ಒಬ್ಬ ಜಾಗೀರದಾರರ ಮನೆಯಲ್ಲಿ ಗಾಡಿ ತೊಳೆಯುವ ಕೆಲಸಕ್ಕಿದ್ದ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಹೋದ ಮೇಲೆ ಅವರು ಮನೆ ಖಾಲಿ ಮಾಡಿ ಹೈದರಾಬಾದಿಗೆ ಹೋದರು. ಹೋಗುವಾಗ ಬಾಕಿ ಸಂಬಳದ ಬದಲು ಹಿತ್ತಲಲ್ಲಿ ಕೋಳಿ ಮೊಟ್ಟೆಯಿಡುತ್ತಿದ್ದ ಹಳೆಯ ಮೋಟಾರೊಂದನ್ನು ಅಣ್ಣನಿಗೆ ಬಿಟ್ಟರು. ಕೋಳಿಯನ್ನು ಬಿಡಲಿಲ್ಲ.

ಆ ಮೋಟಾರಿಗೆ ತಳವಿರಲಿಲ್ಲ. ತುಕ್ಕು ಹಿಡಿದು ಉದುರಿಹೋಗಿತ್ತು. ನಮ್ಮೂರಲ್ಲಿ ಏನು ಹಾಳಾದರೂ ಪರಸಿ, ಅಂದರೆ ನಮ್ಮ ಖಣಿಯ ಚಪ್ಪಟೆ ಹಾಸುಗಲ್ಲೇ ಔಷಧ. ನೆಲ ಪರಸಿ, ಛತ್ತು ಪರಸಿ, ಬಚ್ಚಲು ಪರಸಿ, ಹಿತ್ತಲಿನ ಗೋಡೆಯೂ ನಿಲ್ಲಿಸಿದ ಪರಸಿ. ಅಣ್ಣ ಅಳತೆ ಹಿಡಿದು, ಕಾಲಿನಿಂದ ತುಳಿಯುವ ಬ್ರೇಕಿಗೆ ಕಿಂಡಿ ಕೊರೆದು, ಎರಡು ಪರಸಿ ಕೂಡಿಸಿ ಸಂದಿಗೆ ಸುಣ್ಣ ಬಡಿದ. ಬೇಸಗೆಯಲ್ಲಿ ಅದರೊಳಗೆ ಕೂತರೆ ಪಾದ ಎಷ್ಟು ತಂಪು ಅಂತೀರಿ! ಅವ್ವನಂತೂ ಅದನ್ನು ಮನೆಯ ಇನ್ನೊಂದು ಖೋಲಿ ಎಂದೇ ತಿಳಿದಿದ್ದಳು. ಸೋಮವಾರ ಸೋಮವಾರ ನೀರು ಹಾಕಿ ತೊಳೆದು, ಡ್ರೈವರನ ಕಾಲ ಕೆಳಗೆ ಒಂದೆಳೆ ರಂಗೋಲಿ ಬಿಡುತ್ತಿದ್ದಳು.

ಅಷ್ಟರಲ್ಲಿ ನಮ್ಮೂರಿನ ಕಲ್ಲಿನ ಸಾಹುಕಾರರಿಗೆ ಮೋಟಾರು ಓಡಿಸುವ ಶರ್ತು, ಅಂದರೆ ಪಂದ್ಯ, ಮಾಡಿಸಬೇಕೆಂಬ ಹುಕಿ ಬಂತು. ವಾಡಿ ಕಡೆಗೆ ಹೋಗುವ ಮೊರಂ ಮಣ್ಣಿನ ರಸ್ತೆಯಲ್ಲಿ ನೇರವಾದ ಒಂದು ತುಂಡು ಇದೆಯಲ್ಲ, ಅಲ್ಲಿ. ಎಲ್ಲ ಗಾಡಿ ಒಟ್ಟಿಗೆ ಓಡುವಂತಿಲ್ಲ. ಒಂದೊಂದೇ ಓಡಬೇಕು, ವಾಡಿ ಸ್ಟೇಷನ್ನಿನ ಗಾರ್ಡು ಆಚೆ ತುದಿಯಲ್ಲಿ ನಿಂತು ಹಸಿರು ಬಾವುಟ ಬೀಸಿ ಗಡಿಯಾರ ನೋಡಬೇಕು. ‘ಒಬ್ಬನs ಓಡಿ ಒಬ್ಬನs ಗೆಲ್ಲೂದಾದ್ರ ನಮ್ಮ ಎಮ್ಮೀನೂ ಗೆಲ್ತದ’ ಎಂದು ಜನ ನಕ್ಕರು. ನಗದವನು ಅಣ್ಣ ಒಬ್ಬನೇ. ಯಾಕೆಂದರೆ ಸಣ್ಣ ದರ್ಜೆಯಲ್ಲಿ ಗೆದ್ದವನಿಗೆ ಸಾಹುಕಾರರ ಗಾಡಿಯ ಡ್ರೈವರ ಕೆಲಸ ಎಂದು ಸಾರಿದ್ದರು. ಅದು ಸಿಗದಿದ್ದರೆ ಅವನಿಗೆ ಕಲ್ಲಿನ ಖಣಿಯೇ ಗತಿ.

ದರ್ಜೆ ಎಂದರೇನು ಎಂಬುದನ್ನು ಸಾಹುಕಾರರ ಮುನ್ಶಿ ಸಾಬರು ಸಂಜೆ ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳುತ್ತಿದ್ದರು. ಕಲ್ಲು ತೂಗುವ ಕಾಂಟಾದ ಮೇಲೆ ಗಾಡಿಯನ್ನು ಖಾಲಿ ನಿಲ್ಲಿಸುವುದು. ಹಗುರಾದದ್ದು ಸಣ್ಣ ದರ್ಜೆ, ಭಾರವಾದದ್ದು ದೊಡ್ಡ ದರ್ಜೆ. ಆದರೆ ದಿನಾ ಓಡುವಾಗ ಗಾಡಿಗೆ ಏನೇನು ಇರುತ್ತದೋ ಅದೆಲ್ಲ ಇರಬೇಕು. ತೂಕ ಇಳಿಸಲು ಒಂದು ಅಂಗ ತೆಗೆದರೂ ಅದು ಯಾವ ಗಾಡಿಯಾದರೂ ಓಡಬಹುದಾದ ಖುಲ್ಲಾ ದರ್ಜೆ. ಅಲ್ಲಿ ಸಾಹುಕಾರರ ಸ್ವಂತ ಮಿಲಿಟರಿ ಜೀಪು ಕಾಯುತ್ತಿತ್ತು.

ಹಾಗಾದರೆ ಅಂಗ ಯಾವುದು, ಸಾಮಾನು ಯಾವುದು? ಇದೇ ಜಗಳ. ಚಿತ್ತಾಪುರದ ವಕೀಲರು ಹಿಂದಿನ ಸೀಟಿನ ಮೇಲಿದ್ದ ಕಾನೂನಿನ ಪುಸ್ತಕ ಇಳಿಸಲು ಒಪ್ಪಲಿಲ್ಲ. ಅವಿಲ್ಲದೆ ತಾನೂ ವಕೀಲನಲ್ಲ, ಗಾಡಿಯೂ ವಕೀಲರ ಗಾಡಿಯಲ್ಲ ಎಂದು ವಾದಿಸಿದರು. ಚಿಂಚೋಳಿಯ ಗೌಡರ ಗಾಡಿಗೆ ಬಾಗಿಲೇ ಇರಲಿಲ್ಲ. ‘ಹಚ್ಚಿದ್ರ ತೆಗೀತಿದ್ದೆನಲ್ರಿ ಸಾಬರ, ಹಚ್ಚೇ ಇಲ್ಲ’ ಎಂದರು. ಅದನ್ನು ಮುನ್ಶಿ ಸಾಬರು ಬಹಳ ಹೊತ್ತು ಗಡ್ಡ ನೀವಿ ಒಪ್ಪಿಕೊಂಡರು.

ಆಗ ನಾನು ಹತ್ತು ವರ್ಷದವಳು, ಶಾಲೆ ಕಂಡದ್ದು ಮೂರನೆಯ ಇಯತ್ತೆಯ ತನಕ. ಆದರೂ ಕೊಡ ಹೊತ್ತು ಆ ಕಟ್ಟೆಯ ಮುಂದೆ ಅಡ್ಡಾಡಿ ಅಡ್ಡಾಡಿ ಎಲ್ಲ ನೇಮ ಬಾಯಿಪಾಠ ಮಾಡಿದ್ದೆ. ಅಣ್ಣನ ತಲೆಗೆ ಅವು ಇಳಿಯುತ್ತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳಿಕೊಡುತ್ತಿದ್ದೆ. ಪ್ರತಿ ಗಾಡಿಯಲ್ಲಿ ಡ್ರೈವರನ ಪಕ್ಕ ಒಬ್ಬರು ಕೂಡಲೇಬೇಕು, ಬ್ರೇಕು ಕೈಕೊಟ್ಟರೆ ಕೈಬ್ರೇಕು ಎಳೆಯಲು, ಎಂಬುದನ್ನೂ ಹೇಳಿದೆ.

‘ನೀನs ಕೂಡವ್ವ ನನ್ನ ಬಾಜೂಕ’ ಎಂದ ಅಣ್ಣ. ‘ನಿನ್ನ ಬಿಟ್ರ ಯಾರಿಗಿ ತಿಳೀತದ ಇದೆಲ್ಲ?’

ಅವತ್ತಿನಿಂದ ನಾನು ಹಾಸಿಗೆಯಲ್ಲೂ ಕೈಬ್ರೇಕು ಎಳೆಯುತ್ತಿದ್ದೆ. ಪಕ್ಕದಲ್ಲಿ ಮಲಗುತ್ತಿದ್ದ ಅವ್ವನ ಮೊಣಕೈಗೆ ಬಹಳ ನೋವಾಯಿತು.

ಪರಸಿ ಸಮೇತ ತೂಗಿದರೆ ನಮ್ಮ ಗಾಡಿ ದೊಡ್ಡ ದರ್ಜೆಗೆ ಹೋಗುವುದು ಖಚಿತವಾಗಿತ್ತು. ಅಣ್ಣ ಶರ್ತಿನ ಹಿಂದಿನ ದಿನ ಎರಡೂ ಕಲ್ಲು ಎಬ್ಬಿಸಿ ಅಂಗಳದಲ್ಲಿಟ್ಟು, ತೂತಿಗೆ ಗೋಣಿತಟ್ಟು ಬಿಗಿದ. ಅದು ಅಂಗ ತೆಗೆದ ಹಾಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಅವನಿಗೂ ಹೇಳಿದೆ. ‘ಯಾರು ಬಗ್ಗಿ ನೋಡ್ತಾರ ಬಿಡು’ ಎಂದ. ನಾನೂ ಬಿಟ್ಟೆ. ನ್ಯಾಯಕ್ಕಿಂತ ನನಗೆ ಆ ಸೀಟು ಹೆಚ್ಚಾಗಿತ್ತು.

ಬೆಳಿಗ್ಗೆ ಕಾಂಟಾದ ಹತ್ತಿರ ಹೋದರೆ, ನನ್ನ ಸೀಟಿನಲ್ಲಿ ಚಿಕ್ಕವ್ವನ ಮಗ ಗುಂಡಪ್ಪ ಕೂತಿದ್ದಾನೆ! ತಲೆಗೆ ರುಮಾಲು ಬೇರೆ.

‘ಹೆಣ್ಣುಡುಗಿ ಕುಂತ್ರ ಮಂದಿ ನಗ್ತಾರವ್ವ’ ಎಂದ ಅಣ್ಣ, ನನ್ನ ಮುಖ ನೋಡದೆ. ‘ನೀ ಅವ್ವನ ಬಲ್ಲಿ ನಿಂತು ನೋಡು.’

ಕಾಂಟಾ ಏರಿದ ಗಾಡಿ ಕೂದಲೆಳೆಯ ಅಂತರದಲ್ಲಿ ಸಣ್ಣ ದರ್ಜೆಗೆ ಸೇರಿತು. ಮುನ್ಶಿ ಸಾಬರು ಕಡೆಯ ಮಾತು ಕೇಳಿದರು: ‘ತೆಗೆದದ್ದು ಏನೂ ಇಲ್ಲಲ್ಲ ಭಾಯಿ?’

‘ಏನೂ ಇಲ್ರಿ ಸಾಬರ.’

ಆಗ ನಾನು, ಎಳೆಗರುವಿನ ಹಾಗೆ ಕಣ್ಣು ಅಗಲಿಸಿಕೊಂಡು, ಊರಿಗೆಲ್ಲ ಕೇಳುವಂತೆ ಕೂಗಿದೆ: ‘ಅಣ್ಣಾ! ಗಾಡೀದು ಪರಸಿ ಅಂಗಳದಾಗs ಉಳದಾವ ನೋಡು! ಅವ್ವ ಅದರ ಮ್ಯಾಲ ಶಾಂಡಗಿ ಒಣಗಾಕ ಹಾಕ್ಯಾಳ. ತೆಗದು ಹೊತಗೊಂಡ ಬರ್ಲೇನು?’

ಮುನ್ಶಿ ಸಾಬರು ಗೋಣಿತಟ್ಟು ಎತ್ತಿದರು. ಕೆಳಗೆ ಕಾಂಟಾದ ಹಲಗೆ ಕಾಣಿಸಿತು. ಜನ ನಕ್ಕ ನಗೆಗೆ ವಕೀಲರ ಪುಸ್ತಕ ಕೂಡ ಅಲುಗಿರಬೇಕು.

ಅಣ್ಣ ಖುಲ್ಲಾ ದರ್ಜೆಯಲ್ಲಿ ಓಡಿದ. ಓಡಿದ ಎನ್ನುವುದಕ್ಕಿಂತ ಧೂಳಿನೊಳಗೆ ಮಾಯವಾದ ಎನ್ನಬೇಕು. ತಟ್ಟು ಕಿತ್ತುಬಂದು ಗುಂಡಪ್ಪನ ಮುಖಕ್ಕೆ ಸುತ್ತಿಕೊಂಡಿತು. ತಳದಿಂದ ಎದ್ದ ಮಣ್ಣೆಲ್ಲ ಒಳಗೇ ತುಂಬಿತು. ಆ ತುದಿಯಲ್ಲಿ ಇಳಿದಾಗ ಇಬ್ಬರೂ ಹಿಟ್ಟಿನ ಗಿರಣಿಯಿಂದ ಬಂದವರಂತಿದ್ದರು. ಗಾರ್ಡು ಗಡಿಯಾರ ನೋಡುವ ಮೊದಲು ಅಣ್ಣನ ಕಣ್ಣು ಒರೆಸಿದನಂತೆ. ಜೀಪು ಗೆದ್ದಿತು. ಡ್ರೈವರ ಕೆಲಸ, ಸಣ್ಣ ದರ್ಜೆಯಲ್ಲಿ ಗೆದ್ದ ಚಿತ್ತಾಪುರದ ಕಡೆಯವನೊಬ್ಬನಿಗೆ ಹೋಯಿತು. ಅಣ್ಣ ಮೋಟಾರು ಮಾರಿ ಖಣಿಗೆ ಇಳಿದ. ಮೊಣಕಾಲು ಹೋಗುವ ತನಕ ಕಲ್ಲು ಎಬ್ಬಿಸಿದ.

ನಮ್ಮ ಮನೆತನದಲ್ಲಿ ಇದು ನಗೆಯ ಕಥೆ. ಮದುವೆ, ಸೀಮಂತ, ಎಲ್ಲಿ ಕೂಡಿದರೂ ‘ಶಾಂಡಗಿ ಕಥಿ ಹೇಳ್ರಿ’ ಅನ್ನುತ್ತಾರೆ. ನಾನೇ ಕಣ್ಣು ಅಗಲಿಸಿ ಹೇಳುತ್ತೇನೆ, ಜನ ಹೊಟ್ಟೆ ಹಿಡಿದು ನಗುತ್ತಾರೆ, ‘ಪಾಪ, ಏನೂ ತಿಳೀದ ಕೂಸು’ ಎನ್ನುತ್ತಾರೆ. ಆ ‘ಪಾಪ’ವನ್ನು ನಾನು ಇಷ್ಟು ವರ್ಷ ಸುಖವಾಗಿ ಉಂಡಿದ್ದೇನೆ.

ಅರಿವೆ ಮೂಸಿದ ಮರುದಿನ ಬಸ್ಸು ಹತ್ತಿ ಶಹಾಬಾದಿಗೆ ಹೋದೆ. ಅಣ್ಣ ಬಾಗಿಲಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಹೇಳಿದೆ.

‘ಬೇಕಂತನs ಅಂದ್ಯಾ?’ ಎಂದ.

‘ಹೂಂ. ಗುಂಡಪ್ಪನ ಆ ಸೀಟಿನ್ಯಾಗ ನೋಡಿ ಹೊಟ್ಟಿ ಉರೀತು.’

ನಗುತ್ತಾನೆ, ಬಿಡು ಎನ್ನುತ್ತಾನೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವನು ನಗಲಿಲ್ಲ. ‘ಅವ್ವ ನಿನಗ ಹೊಡ್ಯಾಕ ಬಂದಾಗ ನಾ ಅಡ್ಡ ನಿಂತೀನಿ. ಸಣ್ಣಾಕಿ, ತಿಳ್ಯಂಗಿಲ್ಲ ಅಂತ.’

‘ತಿಳೀತಿತ್ತು ಅಣ್ಣಾ. ನಿನಗಿಂತ ಚಂದ ತಿಳೀತಿತ್ತು.’

‘ನಡಿ, ಮನಿಗಿ ನಡಿ’ ಎಂದ. ಒಳಗಿನಿಂದ ಅವನ ಹೆಂಡತಿ, ನನ್ನ ವೈನಿ, ಚಹಾ ತಂದರೆ, ‘ಆಕಿಗಿ ಬ್ಯಾಡ’ ಎಂದ. ವೈನಿ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಕದ್ದು ಕುಡಿಸಿದಳು. ಬೈಸಿಕೊಂಡವಳಿಗೂ ಚಹಾ ಬೇಕಲ್ಲ.

ಹೊಸ್ತಿಲು ದಾಟುವಾಗ ಅವನು ಗೋಡೆಯ ಕಡೆ ಮುಖ ಮಾಡಿಯೇ ಹೇಳಿದ: ‘ಭಾಳ ಶಾಣ್ಯಾಕಿ ಇದ್ದಿ ಬಿಡು ನೀ.’

ಬೈಗುಳವೇ ಅದು, ಸಂಶಯವಿಲ್ಲ. ಆದರೆ ನೋಡಿ, ಇಷ್ಟು ವಯಸ್ಸಿಗೆ ನನ್ನನ್ನು ಶಾಣ್ಯಾಕಿ, ಜಾಣೆ, ಎಂದವರು ಅವನೊಬ್ಬನೇ. ವಾರಕ್ಕೊಮ್ಮೆ ಫೋನು ಮಾಡುವವನು ಈ ವಾರ ಮಾಡಲಿಲ್ಲ. ನಾಳೆ ಮತ್ತೆ ಹೋಗುತ್ತೇನೆ. ಅವನು ಇನ್ನೂ ಬೈಯುವುದಿದೆ, ನಾನು ಕೂತು ಕೇಳುವುದಿದೆ. ನಡುವೆ ವೈನಿ ಚಹಾ ತಂದರೆ, ಈ ಸಲ ಅವನ ಎದುರಿಗೇ ಕುಡಿಯಬೇಕೆಂದಿದ್ದೇನೆ.