ನಾನು ಆರಿಸಿ ತೆಗೆದ ಚುಕ್ಕೆಗಳು

ಸುಮಾಳ ಒಂದು ವರ್ಷ ಹಾಳಾಯಿತು. ಹಾಳು ಮಾಡಿದವನು ನಾನು — ಸರಕನ್ನು ಚೆಂದ ಮಾಡಿ ತೋರಿಸುವ ಚಟ ನನ್ನ ಕೈಗೆ ಅಂಟಿತ್ತು, ಅದಕ್ಕೆ.

ಎರಡು ಸಾವಿರದ ಎಂಟರ ಆಸುಪಾಸು. ಕಾಳುಮೆಣಸಿನ ಸ್ಯಾಂಪಲ್ ಹೊತ್ತು ಅಂಗಡಿ ಅಂಗಡಿ ಅಲೆದು, ಆಮೇಲೆ ಕೊಪ್ಪದಲ್ಲಿ ಸ್ವಂತ ಫೋಟೊ ಸ್ಟುಡಿಯೊ ಹಾಕಿದವನು ನಾನು. ಸಂಶೋಧನೆ ಮಾಡುತ್ತಿದ್ದ ಸುಮಾ ನೆಮ್ಮಾರಿನ ಕಾಫಿ ತೋಟಕ್ಕೆ ಹೊಸ ನಮೂನೆಯ ಕ್ಯಾಮೆರಾ ತಂದಳು. ಎಲೆಯ ಬೆಳಕನ್ನು ನೂರಾರು ಬಣ್ಣಗಳಾಗಿ ಬಿಡಿಸಿ, ಕಣ್ಣಿಗೆ ಕಾಣುವ ಮೊದಲೇ ರೋಗ ಪತ್ತೆಹಚ್ಚುವ ಯಂತ್ರ. ಹಳೆಯ ಬಗೆಯದರಲ್ಲಿ ಬೆಳಕು ಒಂದು ಸಣ್ಣ ಸೀಳಿನಿಂದ ಒಳಗೆ ಬರುತ್ತದೆ. ಇವಳದರಲ್ಲಿ ಚೌಕ ಚೌಕ ತೂತುಗಳ ಒಂದು ತಗಡು. ಬೆಳಕು ಜಾಸ್ತಿ, ಆದರೆ ಕಲಸಿಕೊಂಡು ಬರುತ್ತದೆ, ಕಂಪ್ಯೂಟರಿನಲ್ಲಿ ಬಿಡಿಸಬೇಕು. ಬಿಡಿಸುವಾಗ ಚಿತ್ರದ ಮೇಲೆ ಮರಳು ಎರಚಿದ ಹಾಗೆ ಚುಕ್ಕೆಗಳು ಏಳುತ್ತವೆ — ಅವರು ನಾಯ್ಸ್ ಅನ್ನುತ್ತಾರೆ. ಯಾವ ಕ್ಯಾಮೆರಾದಲ್ಲಿ ಚುಕ್ಕೆ ಕಡಿಮೆ? ಅವಳ ಪಿಎಚ್‌ಡಿ ನಿಂತದ್ದೇ ಆ ಪ್ರಶ್ನೆಯ ಮೇಲೆ.

ಹೋಲಿಸಲು ಹಳೆಯ ಬಗೆಯದನ್ನೂ ತಂದಿದ್ದಳು; ಒಂದೇ ಎಲೆಯನ್ನು ಎರಡರಲ್ಲೂ ನೂರು ನೂರು ಸಲ ತೆಗೆಯುವ ಕೆಲಸವನ್ನು ನನಗೆ ಬಿಟ್ಟು ಹೋದಳು. ಹೊಸ ಕ್ಯಾಮೆರಾದ ಚಿತ್ರಗಳಲ್ಲಿ ಚುಕ್ಕೆ ಹೆಚ್ಚಿದ್ದವನ್ನೆಲ್ಲ — ಸ್ಯಾಂಪಲ್ ಕಟ್ಟುವಾಗ ಜೊಳ್ಳು ಆರಿಸಿ ತೆಗೆಯುವ ಹಾಗೆ — ಅಳಿಸಿದೆ. ಬೇರೆ ತೆಗೆದು ನೂರು ತುಂಬಿಸಿದೆ. ಉಪಕಾರ ಮಾಡಿದೆ ಅಂದುಕೊಂಡೆ.

ಅವಳ ಗೈಡ್ ಮತ್ತೆ ಪರೀಕ್ಷಿಸಿದಾಗ ಅಷ್ಟು ಶುಭ್ರ ಚಿತ್ರ ಬರಲೇ ಇಲ್ಲ. ಬೇಕಾದದ್ದನ್ನು ಸುಮಾಳೇ ಆರಿಸಿಕೊಂಡಿದ್ದಾಳೆಂದು ಪ್ರಬಂಧ ತಡೆಹಿಡಿದರು. ಸುದ್ದಿ ತಿಳಿದೂ ಬಾಯಿ ಮುಚ್ಚಿಕೊಂಡೆ. ನಂಬಿಕೆಯ ಮನುಷ್ಯ ಎಂಬ ಹೆಸರು — ಅದೊಂದನ್ನು ಕಳೆದುಕೊಳ್ಳಲಾರದೆ.

ವರ್ಷದ ಮೇಲೆ ಅವಳು ಕ್ಯಾಮೆರಾ ಹೊತ್ತು ಮತ್ತೆ ನನ್ನಲ್ಲಿಗೇ ಬಂದಳು.

"ನಿಮ್ಮ ಮೇಲೆ ಮಾತ್ರ ನಂಗೆ ಅನುಮಾನ ಇಲ್ಲ ಅಣ್ಣ."

ಇನ್ನು ತಡೆಯಲಾಗಲಿಲ್ಲ. "ಚುಕ್ಕೆ ಇದ್ದದ್ನೆಲ್ಲ ನಾನೇ ತೆಗ್ದು ಹಾಕಿದ್ದು ಮಾರಾಯ್ತಿ. ಚೆಂದ ಕಾಣ್ಲಿ ಅಂತ."

ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಅಂದಳು: "ನಾನು ಅಳತೆ ಮಾಡ್ಬೇಕಾಗಿದ್ದೇ ಆ ಚುಕ್ಕೆನ. ನೀವೆಂತ, ನನ್ನ ಮದುವೆ ಆಲ್ಬಂ ಮಾಡ್ತಿದ್ರಾ?"

ಗೈಡ್‌ಗೆ ನಾನೇ ಪತ್ರ ಬರೆದೆ, ನಡೆದದ್ದನ್ನು ನಡೆದ ಹಾಗೆ. ಮತ್ತೆ ತೋಟಕ್ಕೆ ಹೋದೆವು. ಈ ಸಲ ಒಂದನ್ನೂ ಅಳಿಸಲಿಲ್ಲ. ಬಿಸಿಲಿನಲ್ಲಿ ತಗಡಿನ ಕ್ಯಾಮೆರಾ ಸೋತಿತು. ಮರದ ನೆರಳಿನಲ್ಲಿ ಗೆದ್ದಿತು — ನನ್ನ ಸುಳ್ಳಿನಷ್ಟು ಅಲ್ಲ, ಆದರೆ ಗೈಡ್ ಖುದ್ದಾಗಿ ಬಂದು ತೆಗೆದಾಗಲೂ ಅಷ್ಟೇ ಗೆದ್ದಿತು. ಕಾಫಿ ಎಲೆ ಇರುವುದೇ ನೆರಳಿನಲ್ಲಿ ತಾನೇ? ಅವಳಿಗೆ ಪಿಎಚ್‌ಡಿ ಸಿಕ್ಕ ದಿನ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಕಂಡವರಿಗೆಲ್ಲ ಸ್ವೀಟ್ ಹಂಚಿದೆ. ಯಾಕೆಂದು ಕೇಳಿದವರಿಗೆ ನನ್ನ ತಪ್ಪನ್ನೂ ಹೇಳಿದೆ.

ಆದರೂ ಆ ವರ್ಷ — ಅದನ್ನು ವಾಪಸು ಕೊಡಲು ನನ್ನಿಂದ ಆಗಿಲ್ಲ.

ನೀವು ಯಾರಿಗಾದರೂ ಅಳತೆ ತೆಗೆದುಕೊಡುವವರಾದರೆ ಇಷ್ಟು ಮಾಡಿ: ಪ್ರತಿಯೊಂದಕ್ಕೂ ನಂಬರ್ ಹಾಕಿ, ಕೆಟ್ಟದ್ದನ್ನೂ ಸೇರಿಸಿ ಕೊಡಿ. ಕೈತಪ್ಪಿ ಏನಾದರೂ ಆರಿಸಿ ಬಿಸಾಡಿದ್ದರೆ ಅಂದೇ ಸಂಜೆ ಫೋನ್ ಮಾಡಿ. ಮಾರನೇ ದಿನಕ್ಕೆ ಹೇಳಲು ಬಾಯಿ ಬರುವುದಿಲ್ಲ.